ಅಜ್ಜಿಯೋ, ಆಯಾನೋ, ಡೇ ಕೇರೋ?

ಹೆರಿಗೆ ರಜೆ ಮುಗಿಯುವುದು ಕೂಸಿಗೆ ಆರು ತಿಂಗಳಾಗುವ ಹೊತ್ತಿಗೆ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ನಡುವಿನ ಎರಡೂವರೆ ವರ್ಷ ಮಗು ಯಾರ ಮಡಿಲಲ್ಲಿ? ಮನೆಯೇ ಸರಿಯೋ, ಕೇಂದ್ರವೇ ಸರಿಯೋ ಎಂದು ವಾದಕ್ಕೆ ಕೂರುವ ಮುನ್ನ ಮಗುವನ್ನು ಎತ್ತಿಕೊಳ್ಳುವ ಕೈಗಳನ್ನು ಎಣಿಸಿ ನೋಡಿ!

ಜೂನ್ ಮೊದಲ ವಾರ, ಬೆಳಿಗ್ಗೆ ಎಂಟೂವರೆ. ಬೆಂಗಳೂರಿನ ವಿಜಯನಗರದ ಅಡ್ಡರಸ್ತೆಯೊಂದರಲ್ಲಿ ಜಿಟಿಜಿಟಿ ಮಳೆ. ಥರ್ಟಿ–ಫಾರ್ಟಿ ಸೈಟಿನ ಮನೆಯ ಗೇಟಿಗೆ ಬಾತುಕೋಳಿ ಚಿತ್ರದ ಬೋರ್ಡು. ಅದರ ಮುಂದೆ ಸ್ಕೂಟರ್ ನಿಲ್ಲಿಸಿದ ತಾಯಿಯ ರೈನ್‌ಕೋಟಿನೊಳಗಿಂದ ಎರಡು ಪುಟ್ಟ ಕಾಲು ಇಣುಕುತ್ತಿವೆ.

ಹ್ಯಾಂಡಲ್‌ಗೆ ಸಿಕ್ಕಿಸಿದ ಬ್ಯಾಗಿನಲ್ಲಿ ಒಂದು ಸಂಸಾರವೇ ಇದೆ. ಎರಡು ಜೊತೆ ಬಟ್ಟೆ, ನಾಲ್ಕು ಡೈಪರ್, ಸ್ಟೀಲ್ ಡಬ್ಬಿಯಲ್ಲಿ ರಾಗಿ ಸರಿ, ಬಿಸಿನೀರಿನ ಫ್ಲಾಸ್ಕು, ಜ್ವರದ ಡ್ರಾಪ್ಸ್. ಎಲ್ಲದರ ಮೇಲೆ ಅಮ್ಮನ ಹಳೇ ಕಾಟನ್ ಸೀರೆಯ ಒಂದು ತುಂಡು. ಅದಿಲ್ಲದಿದ್ದರೆ ಮಧ್ಯಾಹ್ನ ನಿದ್ದೆಯಿಲ್ಲ.

ಒಳಗಿನಿಂದ ಬಂದ ಆಂಟಿ ಕೈ ಚಾಚುತ್ತಾರೆ. ಮಗು ಅಮ್ಮನ ಕೊರಳಿನ ಐಡಿ ಕಾರ್ಡಿನ ದಾರ ಹಿಡಿದುಕೊಂಡುಬಿಟ್ಟಿದೆ. ಆಂಟಿ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾ, ‘ಬಾ ಪುಟ್ಟ, ಕಾಗೆ ತೋರಿಸ್ತೀನಿ. ಕಾಗೆ ಮಳೇಲಿ ನೆನೀತಾ ಇದೆ ನೋಡು’ ಎನ್ನುತ್ತಾರೆ. ಐದು ನಿಮಿಷದಲ್ಲಿ ಮಗು ಕರೆಂಟ್ ತಂತಿಯ ಕಡೆ ಬೆರಳು ತೋರಿಸಿ ನಗುತ್ತಿದೆ. ತಾಯಿ ಮಾತ್ರ ಮೆಟ್ರೊ ಸ್ಟೇಷನ್ನಿನವರೆಗೂ ಕಣ್ಣೊರೆಸಿಕೊಂಡೇ ಹೋಗುತ್ತಾಳೆ.

ಸಂಜೆ ಅವಳಿಗೆ ಎದುರಾಗುವ ಪ್ರಶ್ನೆಗಳೂ ನಮಗೆಲ್ಲ ಬಾಯಿಪಾಠ. ‘ಮನೇಲಿ ಅತ್ತೆ ಇದ್ದಾರಲ್ಲಮ್ಮ, ಮತ್ಯಾಕೆ ಡೇ ಕೇರು?’ ‘ಒಬ್ಬಳು ಆಯಾ ಇಟ್ಕೊಂಡ್ರೆ ಮಗು ಮನೇಲೇ ಇರುತ್ತಪ್ಪ.’ ‘ನಮ್ ಕಾಲದಲ್ಲಿ ಇವೆಲ್ಲ ಎಲ್ಲಿತ್ತು?’ ಅಭಿಪ್ರಾಯ ಎಲ್ಲರ ಹತ್ತಿರವೂ ಇದೆ. ರಜೆ ಯಾರ ಹತ್ತಿರವೂ ಇಲ್ಲ.

ರಜೆ ಎಲ್ಲಿಗೆ ಸಾಲುತ್ತೆ?

2017ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಮೊದಲ ಎರಡು ಹೆರಿಗೆಗೆ ಸಂಬಳಸಹಿತ ರಜೆ 12 ವಾರದಿಂದ 26 ವಾರಕ್ಕೇರಿತು. ದೊಡ್ಡ ಹೆಜ್ಜೆಯೇ ಸರಿ. ಆದರೆ ಅದರಲ್ಲಿ 8 ವಾರವನ್ನು ಹೆರಿಗೆಗೆ ಮುಂಚೆಯೇ ತೆಗೆದುಕೊಳ್ಳಲು ಅವಕಾಶವಿದೆ. ಕಾಲು ಊದಿಕೊಂಡು, ಬಿ.ಪಿ. ಏರಿ ಹಾಗೆ ತೆಗೆದುಕೊಂಡವರಿಗೆ ಉಳಿಯುವುದು 18 ವಾರ. ಮಗು ಮಗ್ಗುಲಾಗಲು ಕಲಿಯುವ ಹೊತ್ತಿಗೆ ಅಮ್ಮನ ಲ್ಯಾಪ್‌ಟಾಪ್ ಆನ್ ಆಗಿರಬೇಕು. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಬೇರೇನೂ ಕೊಡಬೇಡಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇವೆರಡನ್ನೂ ಹೊಂದಿಸುವ ಕೆಲಸ ತಾಯಿಯ ಪಾಲಿಗೆ, ಆಫೀಸಿನ ಫ್ರಿಜ್ಜಿನ ಪಾಲಿಗೆ.

ಸರ್ಕಾರಿ ನೌಕರಿಯಲ್ಲಿರುವವರ ಪಾಡು ಕೊಂಚ ವಾಸಿ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನ ಶಿಶುಪಾಲನಾ ರಜೆಯಿದೆ. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು.

ಅದೇ 2017ರ ತಿದ್ದುಪಡಿ ಇನ್ನೊಂದು ಮಾತು ಹೇಳಿತು. 50 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಸೌಲಭ್ಯ ಒದಗಿಸಬೇಕು. ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಲು ಬಿಡಬೇಕು. ಅಪ್ಪ ಒಂದು ಸಲವಾದರೂ ಹೋಗಿ ನೋಡಬಹುದೇ ಎಂಬ ಬಗ್ಗೆ ಕಾಯ್ದೆ ಚಕಾರ ಎತ್ತಲಿಲ್ಲ. ಮಗುವಿಗೆ ಜ್ವರ ಬಂದಾಗ ಡೇ ಕೇರಿನವರು ಯಾರ ನಂಬರಿಗೆ ಮೊದಲು ಫೋನ್ ಮಾಡುತ್ತಾರೆ ಎಂದು ಕೇಳಿ ನೋಡಿ, ಕಾಯ್ದೆ ಬರೆದವರ ಮನಸ್ಸೂ ನಮ್ಮ ಮನಸ್ಸೂ ಬೇರೆಯಲ್ಲ ಎಂದು ಗೊತ್ತಾಗುತ್ತದೆ.

ಅಜ್ಜಿಯ ಪಾಳಿ

ಹಾಗಾಗಿ ಮೊದಲ ಫೋನು ಊರಿಗೆ. ತಿಪಟೂರಿನಲ್ಲೋ ಸಾಗರದಲ್ಲೋ ತೋಟ, ಹಸು, ಗಂಡನ ಶುಗರ್ ಮಾತ್ರೆ, ಶನಿವಾರದ ಭಜನೆ ಎಲ್ಲ ಬಿಟ್ಟು ಅಜ್ಜಿ ಒಂಬತ್ತನೇ ಮಹಡಿಗೆ ಬಂದಿಳಿಯುತ್ತಾರೆ. ಇದು ಸಂಬಳವಿಲ್ಲದ, ವಾರದ ರಜೆಯಿಲ್ಲದ, ಯಾವ ಕಾಯ್ದೆಯೂ ಮುಟ್ಟದ ಶಿಶುಪಾಲನಾ ವ್ಯವಸ್ಥೆ. ದೇಶದ ಅತಿ ದೊಡ್ಡ ವ್ಯವಸ್ಥೆಯೂ ಇದೇ ಇರಬೇಕು.

ಕಡಲಾಚೆಯ ಕನ್ನಡಿಗರ ಮನೆಗಳಲ್ಲಿ ಇದಕ್ಕೊಂದು ಪಕ್ಕಾ ವೇಳಾಪಟ್ಟಿಯೇ ಇದೆ. ಅಮೆರಿಕದ ವಿಸಿಟರ್ ವೀಸಾದಲ್ಲಿ ಹೋದವರಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಮೊದಲ ಆರು ತಿಂಗಳು ಹೆಂಡತಿಯ ಅಮ್ಮ, ಬಾಣಂತನಕ್ಕೆ. ಅವರು ವಿಮಾನ ಹತ್ತುವ ವಾರವೇ ಬೀಗರು ಇಳಿಯುತ್ತಾರೆ. ಮೆಣಸಿನ ಪುಡಿಯ ಡಬ್ಬ, ಮಗುವಿನ ಎಣ್ಣೆ ಸ್ನಾನದ ಕ್ರಮ, ಒಲೆಯ ನಾಬ್ ತಿರುಗಿಸುವ ಉಪಾಯ, ಎಲ್ಲ ಚಾರ್ಜ್ ಹಸ್ತಾಂತರವಾಗುತ್ತದೆ. ಒಂದು ವರ್ಷ ದಾಟಿತು. ಆಮೇಲೆ ಅಲ್ಲೂ ಇದೇ ಪ್ರಶ್ನೆ.

ಅಜ್ಜಿಗೆ ಸಾಟಿಯಿಲ್ಲ ಎನ್ನುವುದು ನಿಜ. ಮಗುವಿನ ಅಳುವಿನಲ್ಲಿ ಹಸಿವು ಯಾವುದು, ಹಟ ಯಾವುದು ಎಂದು ಅಡುಗೆಮನೆಯಿಂದಲೇ ಹೇಳಬಲ್ಲವರು ಅವರು. ಆದರೆ ಮಗು ಮಲಗಿದಲ್ಲೇ ಇರುವಾಗಿನ ಅಜ್ಜಿಯೇ ಬೇರೆ, ಅದು ನಡೆಯತೊಡಗಿದ ಮೇಲಿನ ಅಜ್ಜಿಯೇ ಬೇರೆ. ಹದಿನೈದು ತಿಂಗಳ ಪೋರ ಸೋಫಾ ಹತ್ತಿ, ಟೀಪಾಯಿ ಮೇಲಿಳಿದು, ಬಾಲ್ಕನಿ ಕಡೆ ಓಡುವ ವೇಗಕ್ಕೆ ಅರವತ್ತಾರರ ಮಂಡಿ ಒಗ್ಗುವುದಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳುವುದೂ ಇಲ್ಲ. ಸಾಯಂಕಾಲ ಮಗಳ ಕೈಗೆ ಮಗು ಕೊಟ್ಟು ಸುಮ್ಮನೆ ಮೂವ್ ಹಚ್ಚಿಕೊಂಡು ಮಲಗುತ್ತಾರೆ. ಅಜ್ಜಿ ಇದ್ದಾರೆ ಎಂಬುದು ಬೆಳಗಿನಿಂದ ಸಂಜೆಯವರೆಗೆ ಅಜ್ಜಿಯೊಬ್ಬರೇ ಇರಲಿ ಎಂಬುದಕ್ಕೆ ನೆಪವಾಗಬಾರದು. ಅಜ್ಜಿಯಿರುವ ಮನೆಯವರೂ ಮಗುವನ್ನು ಅರ್ಧ ದಿನ ಡೇ ಕೇರಿಗೆ ಬಿಡುವುದನ್ನು ಕಂಡು ಮೂಗೆಳೆಯುವವರಿಗೆ ಈ ಮಂಡಿನೋವು ಗೊತ್ತಿರುವುದಿಲ್ಲ.

ಆಯಾ ಬಂದಳು

ಎರಡನೆಯ ದಾರಿ ಆಯಾ. ಸೆಕ್ಯುರಿಟಿಯವರ ಮೂಲಕವೋ, ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗ್ರೂಪಿನಿಂದಲೋ, ಕಮಿಷನ್ ತೆಗೆದುಕೊಳ್ಳುವ ಏಜೆನ್ಸಿಯಿಂದಲೋ ಬರುತ್ತಾಳೆ. ರಾಯಚೂರು, ಯಾದಗಿರಿ, ಕಲಬುರ್ಗಿ ಕಡೆಯವರೂ ಇದ್ದಾರೆ; ಜಾರ್ಖಂಡ್, ಅಸ್ಸಾಮಿನಿಂದ ಬಂದವರೂ ಇದ್ದಾರೆ.

ಮನೆಯಲ್ಲಿಯೇ ಆಯಾ ಇದ್ದರೆ ಸಿಗುವ ಸುಖ ಸಣ್ಣದಲ್ಲ. ಮಗು ತನ್ನ ತೊಟ್ಟಿಲಲ್ಲೇ, ತನಗೆ ನಿದ್ದೆ ಬಂದ ಹೊತ್ತಿಗೆ ಮಲಗುತ್ತದೆ. ಮಳೆಯಲ್ಲಿ ಎಬ್ಬಿಸಿ ಹೊರಡಿಸುವ ಗೋಜಿಲ್ಲ. ಒಂದು ಮಗುವಿಗೆ ಒಂದು ಜೀವ, ಯಾವ ಡೇ ಕೇರೂ ಕೊಡಲಾರದ ಅನುಪಾತ. ಜೊತೆಗೊಂದು ಲಾಭ ಪುಕ್ಕಟೆ. ಬೆಳ್ಳಂದೂರಿನ ಫ್ಲ್ಯಾಟುಗಳಲ್ಲಿ ಅಪ್ಪನದು ಮಲಯಾಳ, ಅಮ್ಮನದು ಹಿಂದಿ, ಮಗು ಮಾತ್ರ ಆಯಾಳಿಂದ ಕಲಿತು ‘ಹೌದ್ರೀ’, ‘ಬ್ಯಾಡ್ರೀ’ ಎನ್ನುವುದುಂಟು. ಬೆಂಗಳೂರಿನಲ್ಲಿ ಕನ್ನಡ ಕಲಿಸುವವರು ಯಾರೆಂದು ಕೇಳಿದರೆ ಈ ಹೆಂಗಸರನ್ನೂ ಪಟ್ಟಿಗೆ ಸೇರಿಸಿ.

ತೊಂದರೆ ಎಲ್ಲಿ ಬರುತ್ತದೆಂದರೆ, ಆ ಒಂದು ಜೀವಕ್ಕೆ ಬದಲಿ ಇಲ್ಲ. ಅವಳಿಗೆ ಜ್ವರ ಬಂದ ದಿನ ಇಡೀ ಮನೆಯ ಗಾಲಿ ನಿಲ್ಲುತ್ತದೆ. ಜಾತ್ರೆಗೆಂದು ಹೋದವಳು ‘ಬರಾಕ ಆಗಂಗಿಲ್ರೀ’ ಎಂದು ಫೋನ್ ಮಾಡಿದರೆ ಮುಗಿಯಿತು. ಮಗುವಿಗೆ ಅದು ಕೆಲಸದವಳು ಬಿಟ್ಟದ್ದಲ್ಲ, ತನ್ನವಳೊಬ್ಬಳು ಕಾಣೆಯಾದದ್ದು. ಇನ್ನು, ಹತ್ತು ಗಂಟೆ ಒಂದು ಕೂಸಿನ ಜೊತೆ ನಾಲ್ಕು ಗೋಡೆಯೊಳಗೆ ಇರುವುದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು. ಮೂರು ಗಂಟೆಯ ಸುಮಾರಿಗೆ ಅವಳ ಕೈ ತಾನಾಗಿ ರಿಮೋಟಿನ ಕಡೆ ಹೋಗುತ್ತದೆ. ವರ್ಷ ತುಂಬದ ಮಕ್ಕಳಿಗೆ ಸ್ಕ್ರೀನು ಬೇಡವೇ ಬೇಡ, ಒಂದು ವರ್ಷದವರಿಗೂ ಸಲ್ಲ, ಎರಡು ದಾಟಿದ ಮೇಲೂ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಆಯಾಗಳನ್ನು ಬೈಯುವ ಮುನ್ನ ಭಾನುವಾರ ನಾವೇ ಎಷ್ಟು ಹೊತ್ತು ತಡೆದೇವು ಎಂದು ನೋಡಿಕೊಳ್ಳಬಹುದು.

ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಪಡಿಸಿದ ಮೊದಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು, 2004ರಲ್ಲೇ. ಅದು ಎಷ್ಟೆಂದು ಆಯಾ ಇಟ್ಟುಕೊಂಡ ಮನೆಗಳಲ್ಲಿ ಕೇಳಿ. ಹಾಲಿನ ದರ, ಪೆಟ್ರೋಲಿನ ದರ ಥಟ್ಟನೆ ಹೇಳುವವರೂ ತಡವರಿಸುತ್ತಾರೆ.

ಲಿಂಗಸುಗೂರು ಕಡೆಯಿಂದ ಬಂದ ಆಯಾ ಒಬ್ಬಳನ್ನು ಪಾರ್ಕಿನಲ್ಲಿ ಮಾತಿಗೆಳೆದಾಗ ಪ್ರಾಮಿನ ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿ ಹೇಳಿದಳು: ‘ನನ್ನ ಮಗಾ ಊರಾಗ ನಮ್ಮವ್ವನ ಕಡೆ ಅದಾನ್ರೀ. ಇದರಕಿಂತ ಒಂದ್ ವರ್ಷ ದೊಡ್ಡಾವ. ಮೊದಮೊದಲ ಫೋನ್‌ನ್ಯಾಗ ಅವ್ವಾ ಬಾ ಅಂತ ಅಳ್ತಿದ್ದ. ಈಗ ಫೋನ್ ಹಿಡದ್ರ ಆಟಕ್ಕ ಓಡಿಹೋಗ್ತಾನ.’ ಅಷ್ಟರಲ್ಲಿ ಪ್ರಾಮಿನಲ್ಲಿದ್ದ ಮಗು ಎದ್ದಿತು. ಅವಳು ಲಾಲಿ ಗುನುಗತೊಡಗಿದಳು. ಅವಳ ಮಗನ ಪಾಲಿಗೂ ಇರುವುದು ಅಜ್ಜಿಯೇ.

ಪಕ್ಕದ ಬೀದಿಯ ಆಂಟಿ

ಮನೆ ಮತ್ತು ಕೇಂದ್ರ ಎಂಬ ಎರಡರ ನಡುವೆ ಮೂರನೆಯದೊಂದು ನಮ್ಮ ಬಡಾವಣೆಗಳಲ್ಲಿ ಮೊದಲಿನಿಂದಲೂ ಇದೆ. ಬೋರ್ಡಿಲ್ಲ, ಆ್ಯಪ್ ಇಲ್ಲ. ಮಕ್ಕಳು ದೊಡ್ಡವರಾದ ಗೃಹಿಣಿಯೊಬ್ಬರು ತಮ್ಮ ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಮಗು ಅವರ ಮನೆಯ ಅನ್ನ–ತಿಳಿಸಾರು ಉಂಡು, ಅವರ ದೇವರಮನೆಯ ಗಂಟೆ ಬಾರಿಸಿ, ಅವರ ಗಂಡನಿಗೆ ತಾತ ಎಂದು ಬೆಳೆಯುತ್ತದೆ. ಬ್ಯಾಂಕು, ಶಾಲೆ, ಕಾರ್ಪೊರೇಷನ್ ಕಚೇರಿಗಳಲ್ಲಿ ದುಡಿದ ಹಿಂದಿನ ತಲೆಮಾರಿನ ಎಷ್ಟೋ ತಾಯಂದಿರ ನೌಕರಿ ಉಳಿದದ್ದು ಈ ಆಂಟಿಯರಿಂದ.

ಇದರ ಬಲವೂ ದೌರ್ಬಲ್ಯವೂ ಒಂದೇ: ಎಲ್ಲವೂ ನಂಬಿಕೆಯ ಮೇಲೆ. ಗ್ಯಾಸ್ ಸಿಲಿಂಡರ್ ಎಲ್ಲಿದೆ, ಸಂಪಿನ ಮುಚ್ಚಳ ಭದ್ರವಾಗಿದೆಯೇ, ಆಂಟಿ ಬ್ಯಾಂಕಿಗೆ ಹೋದಾಗ ಮಕ್ಕಳ ಬಳಿ ಯಾರು ಎಂದು ನೋಡಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಂಥದೇ ಮನೆಗಳಿಗೆ ರಾಜ್ಯದ ಲೈಸೆನ್ಸ್ ಬೇಕು. ಚಿಕ್ಕದರಲ್ಲಿ 8 ಮಕ್ಕಳವರೆಗೆ, ಸಹಾಯಕರಿರುವ ದೊಡ್ಡದರಲ್ಲಿ 14ರವರೆಗೆ. ನೋಡಿಕೊಳ್ಳುವವರ ಬೆರಳಚ್ಚು ತೆಗೆದು ಪೂರ್ವಾಪರ ವಿಚಾರಿಸುತ್ತಾರೆ. ಸಿಲಿಕಾನ್ ವ್ಯಾಲಿಯ ಕನ್ನಡಿಗ ದಂಪತಿ ಬೀಗರ ಪಾಳಿ ಮುಗಿದ ಮೇಲೆ ಹುಡುಕುವುದೂ ಇಂಥ ಮನೆಯನ್ನೇ. ಅಲ್ಲಿ ಕಾಗದಪತ್ರವಿದೆ, ಇಲ್ಲಿ ಪರಿಚಯವಿದೆ. ಎರಡೂ ಒಟ್ಟಿಗೆ ಇದ್ದರೆ ಬೇಡವೆನ್ನುವವರು ಯಾರು?

ಮಧ್ಯಾಹ್ನ ಹನ್ನೆರಡೂವರೆ

ಡೇ ಕೇರ್ ಹೇಗಿದೆ ಎಂದು ತಿಳಿಯಲು ಅದರ ಬ್ರೋಷರ್ ಓದಬೇಡಿ. ಗೋಡೆಯ ಮೇಲಿನ ಜಿರಾಫೆ ಲೆಕ್ಕಕ್ಕಿಲ್ಲ. ಊಟದ ಹೊತ್ತಿಗೆ ಹೋಗಿ ನಿಂತುಕೊಳ್ಳಿ.

ಒಂದು ದಿನ ಹಾಗೆ ನಿಂತು ನೋಡಿದ್ದು ಇದು. ಚಾಪೆಯ ಮೇಲೆ ಒಂದೂವರೆ–ಎರಡು ವರ್ಷದ ಏಳು ಮಕ್ಕಳು, ಒಬ್ಬ ಅಕ್ಕ. ಕೈಯಲ್ಲಿ ಕಲಸಿದ ಅನ್ನದ ಬಟ್ಟಲು. ಸರತಿಯ ಪ್ರಕಾರ ಒಂದೊಂದು ಬಾಯಿಗೆ ಒಂದೊಂದು ತುತ್ತು. ಮೂರನೆಯವನು ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡಿದ್ದಾನೆ. ಅವನಿಗಾಗಿ ಕಾದರೆ ಐದನೆಯವಳು ಅಳುತ್ತಾಳೆ. ಆರನೆಯವನು ತೂಕಡಿಸಿ ತಟ್ಟೆಗೇ ತಲೆ ಊರುತ್ತಿದ್ದಾನೆ. ಅಷ್ಟರಲ್ಲಿ ಒಬ್ಬಳು ಚಡ್ಡಿ ಹಿಡಿದು ‘ಸುಸ್ಸು’ ಎಂದಳು.

ಇಲ್ಲಿದೆ ಎಲ್ಲ ಗುಟ್ಟು. ಅಕ್ಕ ಅವಳನ್ನು ಬಾತ್‌ರೂಮಿಗೆ ಕರೆದೊಯ್ದರೆ ಬಾಯಲ್ಲಿ ಅನ್ನವಿರುವ ಆರು ಮಕ್ಕಳ ಹತ್ತಿರ ಯಾರೂ ಇಲ್ಲ. ಕರೆದೊಯ್ಯದಿದ್ದರೆ ಚಾಪೆ ಒದ್ದೆ, ಹುಡುಗಿಗೆ ಅವಮಾನ, ಸಂಜೆ ಅಮ್ಮನ ದೂರು. ಆ ಅಕ್ಕ ‘ಸುಮಾ, ಬಾರೇ ಇಲ್ಲಿ’ ಎಂದು ಒಳಗೆ ಕೂಗಿದಳು. ಪಾತ್ರೆ ತೊಳೆಯುತ್ತಿದ್ದ ಇನ್ನೊಬ್ಬಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಆ ಎರಡನೆಯ ಜೊತೆ ಕೈ ಇತ್ತು ಎನ್ನುವುದಷ್ಟೇ ಒಳ್ಳೆಯ ಡೇ ಕೇರಿಗೂ ಕೆಟ್ಟದ್ದಕ್ಕೂ ಇರುವ ವ್ಯತ್ಯಾಸ. ಉಳಿದದ್ದೆಲ್ಲ ಬಣ್ಣ. ಒಂದು ವೇಳೆ ಒಳಗಿನಿಂದ ಯಾರೂ ಬರದಿದ್ದರೆ ಆ ಅಕ್ಕ ಎಷ್ಟೇ ಪ್ರೀತಿಯವಳಾದರೂ ನಾಲ್ಕನೇ ದಿನಕ್ಕೆ ಗದರತೊಡಗುತ್ತಾಳೆ, ಎಂಟನೇ ದಿನಕ್ಕೆ ಕೈ ಎತ್ತುತ್ತಾಳೆ. ವೈರಲ್ ಆಗುವ ವಿಡಿಯೊಗಳಲ್ಲಿ ನಮಗೆ ಕಾಣುವುದು ಆ ಎಂಟನೇ ದಿನ ಮಾತ್ರ.

> ಬಾಕ್ಸ್: ಒಬ್ಬರಿಗೆ ಎಷ್ಟು ಮಕ್ಕಳು?
> ವರ್ಷದೊಳಗಿನ ಕೂಸುಗಳಾದರೆ ಮೂವರಿಗೊಬ್ಬರು ಇರಬೇಕು ಎನ್ನುವುದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಮಾತು. ನಮ್ಮಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2018ರಲ್ಲಿ ಉದ್ಯೋಗಸ್ಥಳದ ಶಿಶುಪಾಲನಾ ಕೇಂದ್ರಗಳಿಗೆ ಕನಿಷ್ಠ ಮಾರ್ಗಸೂಚಿ ಹೊರಡಿಸಿತು. ಮೂರು ವರ್ಷದೊಳಗಿನ 10 ಮಕ್ಕಳಿಗೆ, ಮೂರು ದಾಟಿದ 20 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಜೊತೆಗೊಬ್ಬ ಸಹಾಯಕಿ. ಪ್ರತಿ ಮಗುವಿಗೆ 10ರಿಂದ 12 ಚದರ ಅಡಿ ಜಾಗ. ಮೇಲೆ ಹೇಳಿದ ಚಾಪೆಯಲ್ಲಿ ಏಳರ ಬದಲು ಹತ್ತು ಮಕ್ಕಳನ್ನು ಕೂರಿಸಿ ಊಹಿಸಿಕೊಳ್ಳಿ.

ಸಂಶೋಧಕರು ಏನೆನ್ನುತ್ತಾರೆ?

1951ರಲ್ಲಿ ಜಾನ್ ಬೌಲ್ಬಿ ಎಂಬ ಬ್ರಿಟಿಷ್ ಮನೋವೈದ್ಯ ವಿಶ್ವ ಆರೋಗ್ಯ ಸಂಸ್ಥೆಗೆ ಒಂದು ವರದಿ ಬರೆದುಕೊಟ್ಟ. ತಾಯಿಯ ಮಮತೆಯಿಂದ ದೂರವಾದ ಮಕ್ಕಳ ಮನಸ್ಸಿಗೆ ಆಗುವ ಪೆಟ್ಟಿನ ಬಗ್ಗೆ. ಅವನ ಕಣ್ಮುಂದೆ ಇದ್ದದ್ದು ಹೆಚ್ಚಾಗಿ ಅನಾಥಾಲಯ, ಆಸ್ಪತ್ರೆಗಳಲ್ಲಿ ದೀರ್ಘಕಾಲ ಉಳಿದ ಮಕ್ಕಳು. ಆದರೆ ಅದನ್ನು ಹಿಡಿದುಕೊಂಡು, ಸಂಜೆ ಆರಕ್ಕೆ ಬಂದು ಮಗುವನ್ನು ಎತ್ತಿಕೊಳ್ಳುವ ತಾಯಂದಿರನ್ನೂ ಕಟಕಟೆಗೆ ಹತ್ತಿಸಿದವರು ಬಹಳ.

ನೇರವಾಗಿ ಈ ಪ್ರಶ್ನೆಯನ್ನೇ ಎತ್ತಿಕೊಂಡ ದೊಡ್ಡ ಅಧ್ಯಯನ ಅಮೆರಿಕದಲ್ಲಿ 1991ರಲ್ಲಿ ಶುರುವಾಯಿತು. ಹತ್ತು ಊರುಗಳ 1,364 ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿದರು. ಅದು ಕಂಡುಕೊಂಡದ್ದರಲ್ಲಿ ಎರಡೂ ಪಕ್ಷದವರಿಗೆ ಬೇಕಾದ್ದಿದೆ, ಎರಡೂ ಪಕ್ಷದವರು ಮುಚ್ಚಿಡುವಂಥದ್ದೂ ಇದೆ. ಕೇಂದ್ರಗಳಿಗೆ ಹೋದ ಮಕ್ಕಳು ಭಾಷೆಯಲ್ಲಿ ತುಸು ಮುಂದಿದ್ದರು. ವಾರಕ್ಕೆ ಬಹಳ ಗಂಟೆ ಅಲ್ಲೇ ಕಳೆದ ಮಕ್ಕಳಲ್ಲಿ ಹಟ, ತಳ್ಳಾಟ ತುಸು ಹೆಚ್ಚೆಂದು ಶಿಕ್ಷಕರು ಹೇಳಿದರು. ಎರಡೂ ಕಡೆ ‘ತುಸು’ವೇ. ಇವೆಲ್ಲಕ್ಕಿಂತ ಮಗುವಿನ ಮೇಲೆ ಹೆಚ್ಚು ಪ್ರಭಾವ ಬೀರಿದ್ದು ಅದರ ಮನೆಯ ವಾತಾವರಣ, ಹೆತ್ತವರ ಒಡನಾಟ. ಬೇರೆಯವರ ಕೈಯಲ್ಲಿ ಮಗು ಎಲ್ಲಿದೆ ಎನ್ನುವಷ್ಟೇ ಮುಖ್ಯವಾಗಿ, ಅಲ್ಲಿರುವವರು ಅದಕ್ಕೆ ಓಗೊಡುತ್ತಾರೋ ಇಲ್ಲವೋ ಎಂಬುದು ಲೆಕ್ಕಕ್ಕೆ ಬಂತು. ಅಮೆರಿಕದ ಫಲಿತಾಂಶ ನಮ್ಮ ಅತ್ತೆ–ಮಾವ–ಮೈದುನರ ಮನೆಗೆ ಹಾಗೆ ಹಾಗೇ ಹೊಂದುವುದಿಲ್ಲ, ಅದನ್ನೂ ನೆನಪಿಡಬೇಕು.

> ಬಾಕ್ಸ್: ಮೂಗು ಸೋರುವ ವರ್ಷ
> ಡೇ ಕೇರಿಗೆ ಸೇರಿದ ಮೊದಲ ಮಳೆಗಾಲ ಮಗುವಿಗೆ ಶೀತ ಬಿಡುವುದೇ ಇಲ್ಲ. ಅಮೆರಿಕದ ಟೂಸಾನ್ ನಗರದ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ವೈದ್ಯರಿಗೆ ಕಂಡದ್ದು: ಹೆಚ್ಚು ಮಕ್ಕಳಿರುವ ಡೇ ಕೇರಿಗೆ ಹೋದವರಿಗೆ ಎರಡನೇ ವಯಸ್ಸಿನಲ್ಲಿ ನೆಗಡಿ ಹೆಚ್ಚು, ಆರರಿಂದ ಹನ್ನೊಂದರವರೆಗೆ ಕಡಿಮೆ, ಹದಿಮೂರರ ಹೊತ್ತಿಗೆ ಎಲ್ಲರೂ ಒಂದೇ. ನೆಗಡಿಯ ಕೋಟಾ ಈಗಲೋ ಆಮೇಲೋ ಮುಗಿಸಲೇಬೇಕು. ತಿಂಗಳು ತುಂಬದೆ ಹುಟ್ಟಿದ ಅಥವಾ ಉಬ್ಬಸವಿರುವ ಮಗುವಾದರೆ ಮಾತ್ರ ಮೊದಲು ಡಾಕ್ಟರ ಹತ್ತಿರ ಮಾತಾಡಿ.

ನೋಡಲು ಹೋದಾಗ

ಸಿ.ಸಿ. ಟಿ.ವಿ. ಇದೆ, ಮೊಬೈಲಿನಲ್ಲೇ ಮಗು ನೋಡಬಹುದು ಎನ್ನುವುದು ಈಗ ಎಲ್ಲ ಕಡೆಯ ಆಕರ್ಷಣೆ. ನನಗೇನೋ ಅದರ ಮೇಲೆ ಅಂಥ ಭರವಸೆಯಿಲ್ಲ. ಮೀಟಿಂಗಿನ ನಡುವೆ ಕದ್ದು ನೋಡುವ ಎರಡು ನಿಮಿಷದಲ್ಲಿ ಮಗು ಅಳುತ್ತಿದ್ದರೆ ನಿಮ್ಮ ದಿನ ಹಾಳು, ನಗುತ್ತಿದ್ದರೆ ಉಳಿದ ಎಂಟು ಗಂಟೆಯ ಸುದ್ದಿ ಗೊತ್ತಿಲ್ಲ. ಕ್ಯಾಮೆರಾಕ್ಕಿಂತ ಹೇಳದೆ ಕೇಳದೆ ಹೋಗುವ ಹಕ್ಕು ದೊಡ್ಡದು. ‘ಅಪಾಯಿಂಟ್‌ಮೆಂಟ್ ಇಲ್ಲದೆ ಒಳಗೆ ಬಿಡಲ್ಲ ಮೇಡಂ’ ಎನ್ನುವ ಕಡೆಯಿಂದ ಹಾಗೇ ವಾಪಸ್ ಬನ್ನಿ.

ಫೀಸಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ‘ಹೋದ ವರ್ಷ ಇದ್ದ ಅಕ್ಕಂದಿರು ಈಗಲೂ ಇದ್ದಾರಾ?’ ತಿಂಗಳಿಗೊಂದು ಮುಖ ಬದಲಾಗುವ ಕಡೆ ಮಗು ಯಾರಿಗೆ ಅಂಟಿಕೊಳ್ಳಬೇಕು? ಅವರ ಸಂಬಳ ಎಷ್ಟೆಂದು ಕೇಳುವುದಕ್ಕೆ ಸಂಕೋಚವಾದರೆ, ಅವರು ಮಧ್ಯಾಹ್ನ ಎಲ್ಲಿ ಕೂತು ಊಟ ಮಾಡುತ್ತಾರೆಂದು ನೋಡಿ, ಅಂದಾಜು ಸಿಗುತ್ತದೆ. ಟಾಯ್ಲೆಟ್ಟಿನ ವಾಸನೆ ಮೂಗಿಗೆ ಬಿಟ್ಟದ್ದು. ಜ್ವರ ಬಂದ ಮಗುವನ್ನು ಎಲ್ಲಿ ಮಲಗಿಸುತ್ತಾರೆ, ಬೆಂಕಿ ಬಿದ್ದರೆ ನಡೆಯಲು ಬಾರದ ಕೂಸುಗಳನ್ನು ಎತ್ತಿಕೊಂಡು ಓಡುವವರು ಯಾರು ಎಂದೂ ವಿಚಾರಿಸಿ. ಎರಡನೇ ಮಹಡಿಯಾದರೆ ಎರಡು ಸಲ ವಿಚಾರಿಸಿ.

ಸೇರಿಸುವ ವಯಸ್ಸಿಗೂ ಒಂದು ನಡೆ ಇದೆ. ಎಂಟು–ಒಂಬತ್ತು ತಿಂಗಳಿಗೆ ಮಕ್ಕಳಿಗೆ ಹೊಸಮುಖದ ಭಯ ಶುರುವಾಗಿ, ವರ್ಷ ದಾಟುವವರೆಗೂ ಜೋರಾಗಿರುತ್ತದೆ. ಆ ಹೊತ್ತಿನಲ್ಲೇ ಆಯಾ ಬದಲಿಸುವುದು, ಅಜ್ಜಿ ಊರಿಗೆ ಹೊರಡುವುದು, ಡೇ ಕೇರಿಗೆ ಸೇರಿಸುವುದು ಎಲ್ಲ ಒಂದೇ ವಾರ ಆದರೆ ಮನೆ ರಣರಂಗ. ಅನಿವಾರ್ಯವಾದರೆ ಅಜ್ಜಿ ಇರುವಾಗಲೇ ದಿನಕ್ಕೆ ಒಂದು ಗಂಟೆಯಿಂದ ಶುರು ಮಾಡಿ. ಮತ್ತೆ, ಕಣ್ತಪ್ಪಿಸಿ ಓಡಿಹೋಗಬೇಡಿ. ಅತ್ತರೂ ಪರವಾಗಿಲ್ಲ, ಹೇಳಿ ಹೋಗಿ.

ಇಷ್ಟೂ ಆಯ್ಕೆ ಯಾರಿಗೆ?

ಮೇಲೆ ಹೇಳಿದ್ದೆಲ್ಲ ಬಾಗಿಲು ಆರಿಸುವ ಅನುಕೂಲವಿದ್ದವರ ಮಾತು. ಮೈಸೂರು ರಸ್ತೆ, ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಬೆಳಿಗ್ಗೆ ಏಳೂವರೆಗೆ ಬಸ್ಸು ಹತ್ತುವವರಿಗೆ? 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆಯಿರಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. 50 ಮಹಿಳಾ ಕಾರ್ಮಿಕರಿರುವ ಪ್ಲಾಂಟೇಷನ್ನುಗಳಿಗೆ, ನಮ್ಮ ಕೊಡಗು–ಚಿಕ್ಕಮಗಳೂರಿನ ದೊಡ್ಡ ಎಸ್ಟೇಟುಗಳೂ ಸೇರಿ, 1951ರ ಕಾಯ್ದೆ ಅದನ್ನೇ ಹೇಳಿತು. ಐ.ಟಿ. ಪಾರ್ಕಿನ ಬಣ್ಣದ ಡೇ ಕೇರಿಗಿಂತ ಎಷ್ಟೋ ಮೊದಲೇ, ಕಾಗದದ ಮೇಲೆ, ಕಾಫಿ ಕೊಯ್ಯುವವಳ ಕೂಸಿಗೆ ಜಾಗ ಸಿಕ್ಕಿತ್ತು. ಆದರೆ ಕಾರ್ಖಾನೆಯಲ್ಲಿ ಕೋಣೆ ಇದ್ದರೂ ತುಂಬಿದ ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡು ನಿಲ್ಲುವುದು ಹೇಗೆ ಎಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ.

ದೆಹಲಿಯಲ್ಲಿ 1969ರಲ್ಲಿ, ಗಾಂಧಿ ಶತಮಾನೋತ್ಸವದ ಪ್ರದರ್ಶನಕ್ಕಾಗಿ ಕಟ್ಟಡ ಏಳುತ್ತಿದ್ದ ಜಾಗದಲ್ಲಿ ಕೂಲಿಯವರ ಮಕ್ಕಳು ಮಣ್ಣಿನಲ್ಲಿ ಬಿದ್ದಿದ್ದನ್ನು ಕಂಡ ಮೀರಾ ಮಹಾದೇವನ್ ಅಲ್ಲೇ ಒಂದು ಟೆಂಟ್ ಹಾಕಿಸಿದರು. ‘ಮೊಬೈಲ್ ಕ್ರೆಶಸ್’ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಕೇಂದ್ರವೇ ತಾಯಿ ಇರುವಲ್ಲಿಗೆ ಹೋಗಬೇಕು ಎಂಬ ಆ ಸರಳ ವಿಚಾರ ಇವತ್ತಿಗೂ ಹೊಸದಾಗಿಯೇ ಇದೆ.

ಅಂಗನವಾಡಿಯ ಕಥೆ 1975ರ ಅಕ್ಟೋಬರ್ 2ರಂದು ಶುರುವಾಯಿತು. ಕರ್ನಾಟಕದಲ್ಲಿ ಮೊದಲು ತೆರೆದದ್ದು ತಿರುಮಕೂಡಲು ನರಸೀಪುರದಲ್ಲಿ. ಈಗ ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಆದರೆ ಮೂರು ವರ್ಷದೊಳಗಿನ ಮಗುವಿಗೆ ಅಲ್ಲಿ ಸಿಗುವುದು ಪೌಷ್ಟಿಕ ಆಹಾರದ ಪೊಟ್ಟಣ, ತೂಕ, ಲಸಿಕೆಯ ನೆನಪು. ಮಡಿಲು ಸಿಗುವುದಿಲ್ಲ.

ಆ ಕೊರತೆ ತುಂಬಲು 2023–24ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಘೋಷಣೆಯಾಯಿತು. ಉದ್ಯೋಗ ಖಾತ್ರಿಯಲ್ಲಿ ದುಡಿಯುವ ತಾಯಂದಿರ ಮಕ್ಕಳಿಗಾಗಿ, ಅದೇ ಯೋಜನೆಯ ಹೆಂಗಸರೇ ತರಬೇತಿ ಪಡೆದು ಪಾಳಿಯಲ್ಲಿ ನೋಡಿಕೊಳ್ಳುವ ವ್ಯವಸ್ಥೆ. ವಿಚಾರ ಹೊಸದೇನಲ್ಲ. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಒಬ್ಬ ಹೆಂಗಸನ್ನು ಕೂಲಿ ಕೊಟ್ಟು ಅವರ ಕಾವಲಿಗೆ ಬಿಡಬೇಕೆಂದು 2005ರ ನರೇಗಾ ಕಾಯ್ದೆಯಲ್ಲೇ ಇತ್ತು. ಕೆರೆ ಹೂಳೆತ್ತುವ ಕಡೆ ಮರಕ್ಕೆ ಸೀರೆ ಜೋಲಿ ಕಟ್ಟಿ, ಏಳು ವರ್ಷದ ಅಕ್ಕನನ್ನು ಶಾಲೆ ಬಿಡಿಸಿ ತೂಗಲು ನಿಲ್ಲಿಸುತ್ತಿದ್ದುದನ್ನು ಕಂಡವರಿಗೆ ನಾಲ್ಕು ಗೋಡೆ, ಒಂದು ಚಾಪೆ, ಕೂಲಿ ಪಡೆಯುವ ಒಬ್ಬ ಹೆಂಗಸು ಎಷ್ಟು ದೊಡ್ಡದೆಂದು ಗೊತ್ತು. ಪಾಳಿಯಲ್ಲಿ ಮುಖ ಬದಲಾಗುತ್ತಿದ್ದರೆ ಕೂಸು ಒಗ್ಗಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ನಗರದ ಡೇ ಕೇರಿಗೆ ಕೇಳಿದಂತೆ ಇಲ್ಲಿಯೂ ಕೇಳಬೇಕಾದ್ದೇ.

ಪಾರ್ಕಿನಲ್ಲಿ ಸಿಕ್ಕ ಲಿಂಗಸುಗೂರಿನ ಆಯಾ ಕೂಡ ಈಗ ಲೆಕ್ಕ ಹಾಕುತ್ತಿದ್ದಾಳೆ. ಬರುವ ವರ್ಷ ಮಗನಿಗೆ ಮೂರು ತುಂಬುತ್ತದೆ. ಕರೆತಂದರೆ ಅವಳ ಬಾಡಿಗೆ ಕೋಣೆಯ ಹತ್ತಿರದ ಅಂಗನವಾಡಿಗೆ ಸೇರಿಸಬಹುದು. ಅದು ಸಂಜೆ ನಾಲ್ಕಕ್ಕೆ ಬಿಡುತ್ತದೆ. ಇವಳ ಡ್ಯೂಟಿ ಮುಗಿಯುವುದು, ಮೇಡಂ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳದಿದ್ದರೆ, ಆರೂವರೆಗೆ. ನಡುವಿನ ಹೊತ್ತಿಗೆ ವಠಾರದ ಅಕ್ಕ ಒಬ್ಬಾಕೆ ನೋಡಿಕೊಳ್ಳುತ್ತೇನೆ ಎಂದಿದ್ದಾಳಂತೆ, ತಿಂಗಳಿಗೆ ಇಷ್ಟೆಂದು ಮಾತೂ ಆಗಿದೆಯಂತೆ. ‘ಆದ್ರ ಅಕಿ ಕಡೆ ಈಗಾಗ್ಲೇ ನಾಲ್ಕ್ ಹುಡುಗೂರು ಅದಾವ್ರೀ’ ಎಂದಳು. ‘ಐದನೇದ್ದು ನಮ್ಮಾವ ಆಗ್ತಾನ. ಒಬ್ಬಾಕಿ ಹೆಂಗ ನೋಡ್ತಾಳ್ರೀ?’